ಚುಕ್ಕಿ ಎಣಿಸುವ ಆಟ

ನಮ್ಮ ಹೊನ್ನವಳ್ಳಿ ಕಡೆ ಮಕ್ಕಳಿಗೆ ಎಣಿಕೆಯ ಮೊದಲ ಪಾಠ ಹೇಳುವುದು ಶಾಲೆಯಲ್ಲ, ತೆಂಗಿನ ತೋಟ. ಕಾಯಿ ಕೆಡವಿದ ದಿನ ರಾಶಿಯ ಮುಂದೆ ಕೂತ ಅಜ್ಜ ಎರಡೆರಡು ಕಾಯಿ ಎತ್ತಿ ಹಾಕುತ್ತಾ ‘ಲಾಭ’ ಎಂದು ಶುರುಮಾಡುತ್ತಾರೆ, ‘ಒಂದು’ ಎನ್ನುವುದಿಲ್ಲ. ನೂರಾದಾಗ ಗುರುತಿಗೆ ಒಂದು ಕಾಯಿ ಪಕ್ಕಕ್ಕೆ. ಆ ಗುರುತಿನ ಕಾಯಿ ಕಾಯುವ ಕೆಲಸ ಮೊಮ್ಮಕ್ಕಳದು. ಅಟ್ಟದ ಮೇಲೆ ಕೊಬ್ಬರಿಗೆ ಬಿಟ್ಟ ಕಾಯಿ ಎಷ್ಟು, ತಿಪಟೂರು ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿ ಕ್ವಿಂಟಲಿಗೆ ಎಷ್ಟು ಎಂಬುದು ಐದನೇ ತರಗತಿಯವರ ಬಾಯಲ್ಲೂ ಇರುತ್ತದೆ. ಅದೇ ಮಕ್ಕಳು ಗಣಿತದ ಅವಧಿ ಬಂತೆಂದರೆ ಮುಂದಿನವರ ಬೆನ್ನ ಹಿಂದೆ ಅಡಗುತ್ತಾರೆ. ಪೋಷಕರ ಸಭೆಗೆ ಬಂದ ಅಪ್ಪ ಅಮ್ಮಂದಿರು, “ನಮ್ಮ ಹುಡುಗಿಗೆ ಲೆಕ್ಕ ತಲೆಗೆ ಹತ್ತಲ್ಲ ಮೇಡಂ, ಪಾಸಾದ್ರೆ ಸಾಕು” ಎಂದು ಮಗಳ ಎದುರೇ ಹೇಳಿಬಿಡುತ್ತಾರೆ. ಹಾಗೆ ಹೇಳಿಸಿಕೊಂಡ ಏಳನೇ ತರಗತಿಯ ಒಬ್ಬಳ ಸುದ್ದಿ ಮುಂದೆ ಬರುತ್ತದೆ.

ವಾರಕ್ಕೊಂದು ಅವಧಿಯನ್ನು ನಾನು ಆಟಕ್ಕೆಂದೇ ಇಡುತ್ತೇನೆ. ಮಕ್ಕಳಿಗೆ ಬಲು ಇಷ್ಟವಾದದ್ದು ‘ಗುಟ್ಟೇನು?’ ಆಟ. ಒಬ್ಬರು ಹೊರಗೆ ಹೋಗಬೇಕು. ಒಳಗಿದ್ದವರು ಒಂದು ನಿಯಮ ಗೊತ್ತುಮಾಡಿಕೊಳ್ಳುತ್ತಾರೆ. ಹೊರಗಿದ್ದವರು ಬಂದು ಒಂದು ಸಂಖ್ಯೆ ಹೇಳಿದರೆ, ಒಳಗಿನವರು ನಿಯಮ ಹಚ್ಚಿ ಇನ್ನೊಂದು ಸಂಖ್ಯೆ ಹೇಳುತ್ತಾರೆ. ಒಮ್ಮೆ 1 ಅಂದರೆ 5, 2 ಅಂದರೆ 10, 7 ಅಂದರೆ 35 ಬಂತು. ಹುಡುಗ “ಐದರ ಮಗ್ಗಿ!” ಎಂದು ಕೂಗಿದ. “ಅಲ್ಲ, ತೆಂಗಿನಕಾಯಿ!” ಎಂದಿತು ತರಗತಿ. ಒಂದು ಕಾಯಿಗೆ ಕಣ್ಣು ಮೂರು, ಒಡೆದರೆ ಹೋಳು ಎರಡು, ಕೂಡಿದರೆ ಐದು. ಇಬ್ಬರದೂ ಸರಿ ಎಂದು ನಾನು ತೀರ್ಪು ಕೊಡುವ ಹೊತ್ತಿಗೆ ಊಟದ ಗಂಟೆ ಹೊಡೆದಿತ್ತು.

ಇನ್ನೊಂದು ದಿನ ಬೋರ್ಡಿನ ಮೇಲೆ 2, 4 ಬರೆದು ಮುಂದೇನು ಎಂದೆ. ಹೆಚ್ಚಿನವರು 6 ಎಂದರು. ಒಬ್ಬಳು “ಒಂದಕ್ಕೆರಡಾದ್ರೆ 8” ಎಂದಳು. ಕೋಲಾಟ ಆಡುವ ಹುಡುಗನೊಬ್ಬ ಎದ್ದು ಹೆಜ್ಜೆ ಹಾಕಿಯೇ ತೋರಿಸಿದ: 2, 4, 2, 4. ನಮ್ಮ ಆಟದಲ್ಲಿ ಉತ್ತರಕ್ಕೆ ಅರ್ಧ ಅಂಕ, ‘ಯಾಕೆ’ ಎಂಬುದಕ್ಕೆ ಉಳಿದರ್ಧ. ಹೀಗೆ ಆಡುತ್ತ ಕೂತರೆ ಪಾಠ ಹಿಂದೆ ಬೀಳುತ್ತದೆ ಎನ್ನುವವರಿದ್ದಾರೆ. ಬೀಳುತ್ತದೆ, ನಿಜ. ಹಿಂದೆ ಬಿದ್ದ ಪಾಠವನ್ನು ಎರಡು ವಾರದಲ್ಲಿ ಹಿಡಿಯಬಹುದು. ಹೆದರಿ ಹಿಂದೆ ಸರಿದ ಮಗುವನ್ನು ಕರೆತರುವುದು ಅಷ್ಟು ಸುಲಭವಲ್ಲ.

ಸಂಖ್ಯೆಗಳ ಜೊತೆ ಆಡುವುದು ನಮ್ಮ ನಾಡಿಗೆ ಹೊಸದೂ ಅಲ್ಲ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದರೆ 9ನೇ ಶತಮಾನದಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ ಬರೆದರು. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವ ಗುಣಲಬ್ಧಗಳನ್ನು ಅವರು ಕೊರಳ ಹಾರಕ್ಕೆ ಹೋಲಿಸಿದ್ದಾರೆ. 152207ನ್ನು 73ರಿಂದ ಗುಣಿಸಿ ನೋಡಿ. ಎಂಟು ಒಂದುಗಳ ಸರ ಸಿಗುತ್ತದೆ. ಗುಣಾಕಾರ ಎಂದರೆ ಮುಖ ಸಿಂಡರಿಸುವ ಮಕ್ಕಳು ಈ ಸರಕ್ಕಾಗಿ ಬೋರ್ಡಿನ ಮುಂದೆ ಜಗಳವಾಡಿದ್ದನ್ನು ನಾನು ಕಂಡಿದ್ದೇನೆ.

ಈಗ ಆ ಹುಡುಗಿಯ ಸುದ್ದಿ. ಅವಳು ತರಗತಿಯಲ್ಲಿ ಕೈ ಎತ್ತಿದವಳಲ್ಲ. ಆದರೆ ಧನುರ್ಮಾಸದಲ್ಲಿ ಅವಳ ಮನೆ ಮುಂದಿನ ರಂಗೋಲಿ ದಾಟಿ ಹೋಗಲು ಯಾರಿಗೂ ಮನಸ್ಸು ಬಾರದು. ಒಂದು ಶನಿವಾರ ಹುಣಸೆ ಬೀಜದ ಡಬ್ಬಿ ಮಧ್ಯದಲ್ಲಿಟ್ಟು, ‘7ರಿಂದ 4, ಸಂದು ಚುಕ್ಕಿ’ ಇಟ್ಟರೆ ಬೀಜ ಎಷ್ಟು ಬೇಕು ಎಂದು ಕೇಳಿದೆ. ಸಂದು ಚುಕ್ಕಿ ಎಂದರೆ ಗೊತ್ತಲ್ಲ, ಎರಡು ಚುಕ್ಕಿಗಳ ನಡುವಿನ ಸಂದಿಗೆ ಮುಂದಿನ ಸಾಲಿನ ಚುಕ್ಕಿ ಬರುತ್ತದೆ. ಹುಡುಗರು ಬೀಜ ಜೋಡಿಸಿ ಒಂದೊಂದೇ ಎಣಿಸತೊಡಗಿದರು. ಇವಳು ಕೂತಲ್ಲಿಂದಲೇ “37” ಎಂದಳು. ಹೇಗೆ? “ನಡುವೆ 7. ಆಚೆ 6, 5, 4 ಸೇರಿ 15. ಈಚೇನೂ 15. ಅಷ್ಟೆಯಾ ಮಿಸ್.”

ಆಮೇಲೆ ಚಿಕ್ಕ ರಂಗೋಲಿಗಳನ್ನೂ ಇಟ್ಟೆವು. 3ರಿಂದ 2ಕ್ಕೆ 7 ಚುಕ್ಕಿ, 5ರಿಂದ 3ಕ್ಕೆ 19. ಬರೀ ಒಂದು ಚುಕ್ಕಿಯೂ ಸೇರಿ 1, 7, 19, 37. ನಡುವಿನ ಅಂತರ 6, 12, 18. ಮುಂದಿನದು 24 ಹೆಚ್ಚಿ 61 ಆಗಬೇಕೆಂದು ಅವರೇ ಹೇಳಿ, 9ರಿಂದ 5 ಇಟ್ಟು ಎಣಿಸಿ ಖಾತ್ರಿ ಮಾಡಿಕೊಂಡರು. ಇವನ್ನೇ ಒಂದೊಂದಾಗಿ ಕೂಡುತ್ತ ಬನ್ನಿ ಎಂದೆ. 1, 8, 27, 64, 125. “ಇವು ಘನಗಳಲ್ವಾ ಮಿಸ್?” ಎಂದು ಯಾರೋ ಕಿರುಚಿದರು.

ರಂಗೋಲಿಗೂ ಘನಕ್ಕೂ ಎಲ್ಲಿಯ ನಂಟು? ಗಣಿತದ ಕಿಟ್ಟಿನಲ್ಲಿದ್ದ ಚಿಕ್ಕ ಘನಗಳನ್ನು ಪೇರಿಸಿ 27ರ ಒಂದು ದೊಡ್ಡ ಘನ ಮಾಡಿದೆವು. ಅದರ ಒಂದು ಮೂಲೆಯನ್ನು ಕಣ್ಣಿಗೆ ನೇರವಾಗಿ ಬರುವಂತೆ ಇಟ್ಟು ನೋಡಿದರೆ ಮೂರು ಮುಖ ಕಾಣುತ್ತವೆ, ಅಂಚು ಆರು ಮೂಲೆಯ ರಂಗೋಲಿಯಂತೆಯೇ ಇರುತ್ತದೆ. ಕಾಣುವ ಘನಗಳನ್ನು ಅವಳೇ ಮುಟ್ಟಿ ಮುಟ್ಟಿ ಎಣಿಸಿದಳು. 19. ಕಾಣದೆ ಹಿಂದೆ ಉಳಿದದ್ದು 8, ಅದೂ ಒಂದು ಘನ. ಆ 8ರಲ್ಲಿ ಕಾಣುವುದು 7, ಉಳಿಯುವುದು 1. ಒಂದರ ಮೇಲೊಂದು ರಂಗೋಲಿ ಹೊದ್ದುಕೊಂಡು ಘನ ಬೆಳೆಯುತ್ತಿತ್ತು. ಅವಳು ತುಂಬಾ ಹೊತ್ತು ಏನೂ ಮಾತಾಡಲಿಲ್ಲ. ಈ ಸಂಗತಿಯನ್ನು ಅವಳ ಅಮ್ಮನಿಗೆ ನಾನಾಗಿ ಹೇಳಲಿಲ್ಲ. ಅವಳೇ ಅಂಗಳದಲ್ಲಿ ತೋರಿಸಲಿ ಎಂದು ಬಿಟ್ಟೆ.

ಸೋಮವಾರ ಪ್ರಾರ್ಥನೆ ಮುಗಿಯುವ ಮೊದಲೇ ಪ್ರಶ್ನೆ ತಂದಿದ್ದಳು: “ಮಿಸ್, ನೇರ ಚುಕ್ಕಿಗೆ ಹೆಂಗೆ?” 1, 3, 1 ಇಟ್ಟರೆ 5. 1, 3, 5, 3, 1 ಇಟ್ಟರೆ 13. ಆಮೇಲೆ 25. ಈ ಸಲ ಘನಗಳಿಲ್ಲ. ಆದರೆ 13ರೊಳಗೆ ಒಂದು 9ರ ಚೌಕವೂ ಒಂದು 4ರ ಚೌಕವೂ ಅಡಗಿ ಕೂತಿವೆ, 25ರೊಳಗೆ 16 ಮತ್ತು 9. ಅವಳು ಹುಡುಕಿದಳು. ನೀವೂ ಅಂಗಳದಲ್ಲಿ ಚುಕ್ಕಿ ಇಟ್ಟು ಹುಡುಕಿ. ಕೆಂಪು ಪುಡಿ, ಹಳದಿ ಪುಡಿ ಎರಡೂ ಕೈಯಲ್ಲಿರಲಿ, ತಲೆ ಸ್ವಲ್ಪ ಓರೆ ಮಾಡಿ ನೋಡಬೇಕಾಗುತ್ತದೆ.