ಕಡಮತ್: ಹವಳದ ಮೇಲೆ ನಿಂತ ಊರು

ಮಂಗಳೂರಿನ ಹಳೇ ಬಂದರಿನಲ್ಲಿ ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ ಹೇರಿಕೊಂಡು ನಿಂತ ಮಂಜಿಗಳನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ಅವು ಹೊರಡೋದು ಲಕ್ಷದ್ವೀಪಕ್ಕೆ. ಅಲ್ಲಿನ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡಕ್ಕೇ ಸೇರಿದ್ದವು. ಈಗ ನಾವು ಅಲ್ಲಿಗೆ ಹೋಗಬೇಕೆಂದರೆ ಪರವಾನಗಿ ಮಾಡಿಸಿ, ಕೊಚ್ಚಿಗೆ ಹೋಗಿ ಹಡಗು ಹತ್ತಬೇಕು. ಸುತ್ತಿ ಬಳಸಿ ಮೂಗು ಹಿಡಿದ ಹಾಗೆ!

ಕಡಮತ್ ಒಂದು ಉದ್ದನೆಯ ಮರಳಿನ ಪಟ್ಟಿ. ಬೆಟ್ಟವಿಲ್ಲ, ಹೊಳೆಯಿಲ್ಲ. ತೆಂಗಿನ ತೋಟದ ನಡುವೆ ನಿಂತರೆ ಎರಡೂ ಕಡೆಯಿಂದ ಸಮುದ್ರದ ಸದ್ದು. ಕಾಲಡಿಯ ಆ ಬಿಳಿ ಮರಳು ನಮ್ಮ ಪಣಂಬೂರಿನ ಮರಳಿನಂಥದ್ದಲ್ಲ, ಪುಡಿಯಾದ ಹವಳ. ಗಿಳಿಮೀನುಗಳು ಹವಳದ ದಿಬ್ಬವನ್ನು ಕೊರೆದು ತಿಂದು ಹೊರಹಾಕಿದ್ದೂ ಅದರಲ್ಲಿ ಸೇರಿದೆ. ಬಾವಿಯ ಸಿಹಿನೀರು ಕೂಡ ಈ ಮರಳು ಹಿಡಿದಿಟ್ಟುಕೊಂಡ ಮಳೆನೀರೇ. ಅದು ಕೆಳಗಿನ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುತ್ತಿರುತ್ತದೆ. ಜಾಸ್ತಿ ಎಳೆದರೆ ಉಪ್ಪು ಮೇಲೆ ಬರುತ್ತದೆ.

ದ್ವೀಪದ ಪಶ್ಚಿಮಕ್ಕೆ ಹವಳದ ದಿಬ್ಬವೇ ಗೋಡೆಯ ಹಾಗೆ ನಿಂತು ಅಲೆಗಳನ್ನು ತಡೆಯುತ್ತದೆ. ಗೋಡೆಯ ಒಳಗಿರುವುದು ಲಗೂನ್, ಹಸಿರು ಗಾಜಿನಂಥ ತಿಳಿನೀರು. ಕನ್ನಡಕ, ಕೊಳವೆ ಕಟ್ಟಿಕೊಂಡು ನಾವು ಅಲ್ಲೇ ಇಳಿದದ್ದು. ಫೋಟೋಗಳಲ್ಲಿ ಕಂಡ ಬಣ್ಣಗಳು ಅಲ್ಲಲ್ಲಿ ಇದ್ದವು. ಉಳಿದದ್ದು ಬೂದು ಬಣ್ಣದ ಕೊಂಬೆಗಳು, ಮೇಲೆ ಕಂದು ಪಾಚಿ. ಒಣಗಿದ ತೋಟದಲ್ಲಿ ಓಡಾಡಿದ ಹಾಗಾಯಿತು.

ಹವಳ ಕಲ್ಲಲ್ಲ, ಜೀವಿ. ಅದರ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿಯೇ ಅದಕ್ಕೆ ಬಣ್ಣ, ಊಟ ಎರಡನ್ನೂ ಕೊಡುವುದು. ಸಮುದ್ರ ಅತಿಯಾಗಿ ಕಾದರೆ ಹವಳ ಆ ಪಾಚಿಯನ್ನು ಹೊರದಬ್ಬಿ ಬಿಳಿಚಿಕೊಳ್ಳುತ್ತದೆ. ಬೇಗ ತಂಪಾದರೆ ಬದುಕುತ್ತದೆ, ಇಲ್ಲದಿದ್ದರೆ ಉಪವಾಸ ಬಿದ್ದು ಸಾಯುತ್ತದೆ. ಸೊರಗಿದ ಹವಳಕ್ಕೆ ರೋಗಗಳೂ ಬೇಗ ಅಂಟುತ್ತವೆ, ನಮ್ಮ ಹಾಗೇ ಅಲ್ವಾ? ಪಕ್ಕದ ಕವರತ್ತಿಯ ಬಂಡೆಹವಳಗಳಲ್ಲಿ ಸತ್ತ ಭಾಗದ ಅಂಚಿಗೆ ಗುಲಾಬಿ ಗೆರೆ ಮೂಡುವ ಒಂದು ರೋಗವನ್ನು ವಿಜ್ಞಾನಿಗಳು ಎರಡು ದಶಕಗಳ ಹಿಂದೆಯೇ ಗುರುತಿಸಿದ್ದಾರೆ. ನೋಡಲು ಚೆಂದದ ಬಣ್ಣ, ಆದರೆ ಅದು ಬೇನೆಯ ಗುರುತು.

1998, 2010, 2016, ಮತ್ತೆ 2024. ಲಕ್ಷದ್ವೀಪದ ಹವಳಗಳು ದೊಡ್ಡ ಪ್ರಮಾಣದಲ್ಲಿ ಬಿಳಿಚಿಕೊಂಡ ವರ್ಷಗಳಿವು. ಒಂದು ಪೆಟ್ಟಿನಿಂದ ಚೇತರಿಸಿಕೊಳ್ಳುವಷ್ಟರಲ್ಲಿ ಇನ್ನೊಂದು. ಅಗತ್ತಿ, ಕಡಮತ್, ಕವರತ್ತಿಗಳಲ್ಲಿ 1998ರಿಂದ 2022ರವರೆಗೆ ನಡೆದ ಅಧ್ಯಯನದ ಪ್ರಕಾರ ಜೀವಂತ ಹವಳ ಸುಮಾರು ಅರ್ಧಕ್ಕೆ ಇಳಿದಿದೆ.

ನಮ್ಮ ದೋಣಿಯ ಹಿರಿಯರ ಜೊತೆ ನನ್ನ ಹರಕುಮುರುಕು ಬ್ಯಾರಿ ಭಾಷೆಯಲ್ಲೇ ಹೇಗೋ ಮಾತು ನಡೆಯಿತು. ಬಣ್ಣ ಹೋಯಿತಲ್ಲ ಅಂತ ನಾನು ಪೇಚಾಡಿದರೆ ಅವರು, "ಬಣ್ಣ ಬಿಡಿ, ಇರೆಮೀನು ಎಲ್ಲಿ ಹುಡುಕೋದು?" ಅಂದರು. ಇಲ್ಲಿನವರ ಮುಖ್ಯ ದುಡಿಮೆ ಟ್ಯೂನಾ, ನಮ್ಮ ಕಡೆ ಕೇದರ ಅಂತೀವಲ್ಲ, ಅದು. ಬಲೆ ಬೀಸಿ ಬಾಚುವುದಿಲ್ಲ, ಗಾಳದ ಕೋಲಿನಿಂದ ಒಂದೊಂದಾಗಿ ಎತ್ತುತ್ತಾರೆ. ಅದಕ್ಕೆ ಲಗೂನಿನಲ್ಲಿ, ಹವಳದ ಸುತ್ತಮುತ್ತ ಸಿಗುವ ಪುಟ್ಟ ಮೀನುಗಳು ಬೇಕು. ಅವನ್ನು ದೋಣಿಯ ತಳದ ತೊಟ್ಟಿಯಲ್ಲಿ ಜೀವಂತ ಇಟ್ಟುಕೊಂಡು ಹೋಗಿ ಕಡಲಿಗೆ ಎರಚಿದರೇ ಟ್ಯೂನಾ ಮುಗಿಬೀಳುವುದು. ಇರೆಮೀನಿಗೆ ಅಲೆದಷ್ಟೂ ಡೀಸೆಲ್ ಖರ್ಚು, ಬೆಳಗಿನ ಹೊತ್ತೂ ದಂಡ.

ಕೆಲವರು ಈಚೆಗೆ ದಿಬ್ಬದ ಮೀನುಗಳನ್ನೇ ಹಿಡಿದು ಮಾರುತ್ತಿದ್ದಾರಂತೆ. ಪಾಚಿ ಮೇಯ್ದು ಹವಳಕ್ಕೆ ಜಾಗ ಬಿಡಿಸಿಕೊಡುವ ಗಿಳಿಮೀನೂ ಅದರಲ್ಲಿ ಸೇರಿದರೆ ದಿಬ್ಬ ಸುಧಾರಿಸುವುದು ಹೇಗೆ? ಹಾಗಂತ ಹೊಟ್ಟೆಪಾಡಿನವರಿಗೆ ಬುದ್ಧಿ ಹೇಳಲು ನನಗೆ ಬಾಯಿ ಬರಲಿಲ್ಲ. ಸಮುದ್ರ ಕಾಯಿಸಿದ್ದು ಅವರ ಒಲೆಯಲ್ಲವಲ್ಲ.

ದಿಬ್ಬ ಸತ್ತರೂ ತಕ್ಷಣ ಕುಸಿಯುವುದಿಲ್ಲ. ಆದರೆ ಸವೆದದ್ದನ್ನು ತುಂಬಲು ಹೊಸ ಹವಳ ಬೆಳೆಯದಿದ್ದರೆ ಗೋಡೆ ತಗ್ಗುತ್ತದೆ, ಅಲೆ ಒಳಗೆ ಬರುತ್ತದೆ. ಬಂಗಾರಂ ಬಳಿ ಜನವಸತಿಯಿಲ್ಲದ ಪರಳಿ ಎಂಬ ಪುಟ್ಟ ದ್ವೀಪವೊಂದು ಕೊರೆತದಿಂದ ಪೂರ್ತಿ ನೀರುಪಾಲಾಗಿದೆ. ಕಡಮತ್‌ನ ಕೆಲವು ಕಡೆ ದಡಕ್ಕೆ ಕಾಂಕ್ರೀಟಿನ ನಾಲ್ಕು ಕಾಲಿನ ಟೆಟ್ರಾಪಾಡ್‌ಗಳನ್ನು ಒಡ್ಡಿದ್ದಾರೆ. ಅವುಗಳ ಹಿಂದೆ ಬೇರು ಹೊರಬಿದ್ದ ತೆಂಗಿನ ಮರಗಳು, ಅದರಾಚೆ ಹತ್ತಿಪ್ಪತ್ತು ಹೆಜ್ಜೆಗೆ ಒಂದು ಮನೆ, ಅಂಗಳದಲ್ಲಿ ಬೇಯಿಸಿ ಹೊಗೆ ಕೊಟ್ಟು ಒಣಗಲು ಹರವಿದ ಟ್ಯೂನಾ ತುಂಡುಗಳು.