ಕಂಪ್ಯೂಟರಿಗೊಂದು ಹಗೇವು

ಹೆಣ್ಣು ಕೊಡುವ ಮನೆಯಲ್ಲಿ ಹೊಲ ಎಷ್ಟಿದೆ ಎಂದು ಕೇಳಬಾರದು, ಹಗೇವು ಎಷ್ಟಿವೆ ಎಂದು ಕೇಳಬೇಕು ಎನ್ನುವುದು ನಮ್ಮಜ್ಜಿಯ ವಾದ. ಹೊಲ ಮಳೆಯನ್ನು ನಂಬಿದ್ದು. ಹಗೇವು ಮಳೆ ಕೈಕೊಟ್ಟ ವರ್ಷವನ್ನು ನಂಬಿದ್ದು.

ಗಟ್ಟಿ ನೆಲ ನೋಡಿ ತೋಡಿದ ಗುಳಿ ಅದು. ಬಾಯಿ ಕಿರಿದು, ಹೊಟ್ಟೆ ದೊಡ್ಡದು. ಒಳಗೋಡೆಗೆ ಜೋಳದ ಸೊಪ್ಪೆ ಒತ್ತಿ, ಕಾಳು ಸುರಿದು, ಹುಲ್ಲು ಹಾಸಿ ಮಣ್ಣು ಮುಚ್ಚಿದರೆ ಗಾಳಿಯಾಡದ ಆ ಕತ್ತಲಲ್ಲಿ ಹುಳ ಬದುಕದು. ಜೋಳ ವರ್ಷಗಟ್ಟಲೆ ಬದುಕುತ್ತದೆ. 1876ರಿಂದ 78ರವರೆಗೆ ಬಳ್ಳಾರಿ ಜಿಲ್ಲೆಯನ್ನು ಹಿಂಡಿದ ಬರದ ಕಥೆ ಅಜ್ಜಿಗೆ ಅವರಜ್ಜಿಯಿಂದ ಬಂದಿತ್ತು. ಆದರೆ ಬಿತ್ತನೆಯ ಕಾಳು ಮಾತ್ರ ಹಗೇವಿಗೆ ಇಳಿಯುತ್ತಿರಲಿಲ್ಲ. ಅಲ್ಲಿಟ್ಟ ಕಾಳು ಹೊಟ್ಟೆ ತುಂಬಿಸೀತು, ಮೊಳಕೆ ಒಡೆಯದು. ಬೀಜಕ್ಕೆ ಬೂದಿ, ಬೇವಿನ ಸೊಪ್ಪು ಬೆರೆಸಿ ಮನೆಯೊಳಗೇ ಬೇರೆ ಇಡುತ್ತಿದ್ದರು.

ಕೊಟ್ಟೂರಿನ ನಮ್ಮ ಮನೆಯಲ್ಲಿ ಈಗ ಹಗೇವಿಲ್ಲ, ಕಂಪ್ಯೂಟರಿದೆ. ಅದರ ಹೊಟ್ಟೆಯಲ್ಲಿ ಹರಪನಹಳ್ಳಿಯ ಮೂಲಮನೆಯ ಕಾಗದಗಳೆಲ್ಲ ಸ್ಕ್ಯಾನ್ ಆಗಿ ಕೂತಿವೆ. 1953ರ ಅಕ್ಟೋಬರಿಗೆ ಮುಂಚಿನವು ಮದರಾಸು ಸರ್ಕಾರದವು, ಆಮೇಲಿನವು ಮೈಸೂರಿನವು. 1997ರಿಂದ ದಾವಣಗೆರೆ ಜಿಲ್ಲೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಲ್ಲಿ ವಿಜಯನಗರ. ಹೊಲ ಇದ್ದಲ್ಲಿಯೇ ಇದೆ, ವಿಳಾಸವೇ ಊರೂರು ತಿರುಗಿದೆ. ಇಂಥ ಹೊಲಕ್ಕೆ ಒಂದು ಕಾಗದ ಕಳೆದರೂ ಯಾವ ಕಚೇರಿಯ ಬಾಗಿಲು ಬಡಿಯಬೇಕೆಂಬುದೇ ದೊಡ್ಡ ಪ್ರಶ್ನೆ.

ಅದಕ್ಕೇ ಕಂಪ್ಯೂಟರಿಗೂ ಒಂದು ಹಗೇವು ಬೇಕೆಂದೆ. ಕಾಗದಗಳನ್ನಷ್ಟೇ ಪೆನ್‌ಡ್ರೈವಿಗೆ ಹಾಕಿಕೊಂಡರೆ ಸಾಲದೇ ಎಂದು ಮಗ ಕೇಳಿದ. ಸಾಲದು. ಅಪ್ಪ ಬರೆದಿಟ್ಟ ಊರಿನ ಕಥೆಗಳೆಲ್ಲ ಯೂನಿಕೋಡ್‌ಗೆ ಮುಂಚಿನ ನುಡಿ ಅಕ್ಷರಗಳಲ್ಲಿವೆ. ಕನ್ನಡ ಗಣಕ ಪರಿಷತ್ತಿನ ಆ ಹಳೆಯ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಕಡತ ಉಳಿದೂ ಓದು ಸತ್ತಂತೆ. ಅದಕ್ಕೇ ಇಡೀ ಡಿಸ್ಕಿನ ಪಡಿಯಚ್ಚು ಬೇಕು: ವಿಂಡೋಸ್, ಫಾಂಟು, ಪ್ರಿಂಟರಿನ ಡ್ರೈವರು, ಎಲ್ಲವೂ ಇದ್ದ ಹಾಗೇ. ಇದಕ್ಕೆ ಸಿಸ್ಟಂ ಇಮೇಜ್ ಎನ್ನುತ್ತಾರೆ. ಕ್ಲೋನ್‌ಜಿಲ್ಲಾದಂಥ ಉಚಿತ ತಂತ್ರಾಂಶವೂ ಇದನ್ನು ಮಾಡಿಕೊಡುತ್ತದೆ. ಕಂಪ್ಯೂಟರ್ ಏಳದಿದ್ದಾಗ ಅದನ್ನು ಎಬ್ಬಿಸಲು ಒಂದು ಬೂಟ್ ಪೆನ್‌ಡ್ರೈವ್ ಬೇರೆ.

ನಮ್ಮ ಸೀಮೆಯ ಆಪತ್ತುಗಳೂ ನಮ್ಮವೇ. ಕೂಡ್ಲಿಗಿ ಕಡೆಯ ಏಪ್ರಿಲ್ ಬಿಸಿಲು, ಸಂದಿಗೊಂದಿಗೆ ನುಗ್ಗುವ ಕೆಂಪು ಧೂಳು, ಏರಿಳಿಯುವ ಕರೆಂಟು, ಮುಂಗಾರಿಗೆ ಮೊದಲಿನ ಸಿಡಿಲು. ಸಿಡಿಲಿಗೆ ಕಂಪ್ಯೂಟರು ಸುಟ್ಟರೆ ಅದಕ್ಕೆ ಸಿಕ್ಕಿಸಿಟ್ಟ ಹಾರ್ಡ್ ಡಿಸ್ಕೂ ಜೊತೆಗೇ ಸುಟ್ಟೀತು. ವೈರಸ್ಸೂ ಹಾಗೇ, ಸಿಕ್ಕಿಸಿದ್ದನ್ನೆಲ್ಲ ಮುಟ್ಟುತ್ತದೆ. ಆದ್ದರಿಂದ ಇಮೇಜ್ ಮುಗಿದೊಡನೆ ಡಿಸ್ಕ್ ಕಿತ್ತು ಬೀರುವಿನಲ್ಲಿಡುತ್ತೇನೆ. ಅಮಾವಾಸ್ಯೆಗೊಮ್ಮೆ ಪೂರ್ತಿ ಇಮೇಜ್. ನಡುವೆ ಬದಲಾದ ಕಡತಗಳು ಮಾತ್ರ. ತಾರೀಕು ಮರೆತೇನು, ಅಮಾವಾಸ್ಯೆ ಮರೆಯಲು ಮನೆಯವರು ಬಿಡುವುದಿಲ್ಲ.

ಬಲ್ಲವರ ಲೆಕ್ಕ ಹೀಗಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಲ್ಲಿ. 1998ರಲ್ಲಿ ಅಮೆರಿಕದ ಪಿಕ್ಸಾರ್ ಸ್ಟುಡಿಯೋದಲ್ಲಿ ಒಂದೇ ಆದೇಶಕ್ಕೆ ‘ಟಾಯ್ ಸ್ಟೋರಿ 2’ ಚಿತ್ರದ ಕಡತಗಳು ಅಳಿಸುತ್ತ ಹೋದವು. ಬ್ಯಾಕಪ್ ಇತ್ತು, ಆದರೆ ಅದು ಕೆಟ್ಟಿದ್ದು ಯಾರಿಗೂ ತಿಳಿದಿರಲಿಲ್ಲ. ಕೂಸು ಹುಟ್ಟಿದ್ದರಿಂದ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸುಸ್ಮನ್ ಎಂಬಾಕೆಯ ಮನೆಯ ಕಂಪ್ಯೂಟರಿನಲ್ಲಿದ್ದ ನಕಲು ಚಿತ್ರವನ್ನು ಕಾಯಿತು. ಈ ಕಥೆ ಹೇಳಿಯೇ ಒಂದು ಡಿಸ್ಕನ್ನು ಹಡಗಲಿಯ ತಂಗಿಯ ಮನೆ ಸೇರಿಸಿದೆ. “ಅಣ್ಣಾ, ತವರಿಂದ ಸೀರಿ ಬರ್ತಾವು ಅಂದ್ರ ಡಬ್ಬಿ ಬರ್ತಾವಲ್ಲೋ” ಎಂದಳು. ಅವಳಿಂದ ಬಸ್ಸಿನಲ್ಲಿ ಮಲ್ಲಿಗೆ ಬರುತ್ತದೆ, ನನ್ನಿಂದ ಡಿಸ್ಕ್ ಹೋಗುತ್ತದೆ. ಹಗರಿಬೊಮ್ಮನಹಳ್ಳಿ ಬಸ್ ನಿಲ್ದಾಣದಲ್ಲಿ ಭಾವನ ಕೈಯಿಂದ ಹಳೆಯದು ಪಡೆದು ಹೊಸದು ಕೊಡುವುದು ವಾಡಿಕೆ.

ಹಗೇವು ತೆರೆದ ಕೂಡಲೇ ಯಾರೂ ಒಳಗಿಳಿಯುತ್ತಿರಲಿಲ್ಲ. ಒಳಗಿನ ಕೆಟ್ಟ ಗಾಳಿ ಆಳನ್ನೇ ತೆಗೆದುಬಿಡುತ್ತಿತ್ತು. ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುವುದು. ಇಮೇಜನ್ನೂ ಹಾಗೆ ಪರೀಕ್ಷಿಸಬೇಕು. ಅದೂ ಚೆನ್ನಾಗಿರುವ ಡಿಸ್ಕಿನ ಮೇಲಲ್ಲ, ಬೇರೊಂದು ಖಾಲಿ ಡಿಸ್ಕಿಗೆ ಇಳಿಸಿ. ಕಂಪ್ಯೂಟರ್ ಅದರಿಂದ ಎದ್ದು, ಅಪ್ಪನ ಕಥೆ ಕನ್ನಡದಲ್ಲೇ ತೆರೆದರೆ ಆಗ ಅದು ಬ್ಯಾಕಪ್. ಅಲ್ಲಿಯವರೆಗೆ ಅದು ಬರೀ ನಂಬಿಕೆ.

“ನೀವಿಲ್ಲದಾಗ ಕೆಟ್ರ ನಾ ಏನ್ ಮಾಡ್ಲಿ?” ಎಂದು ಮನೆಯಾಕೆ ಕೇಳಿದ್ದು ಎಲ್ಲಕ್ಕಿಂತ ಗಟ್ಟಿ ಪ್ರಶ್ನೆ. ಯಾವ ಪೆನ್‌ಡ್ರೈವ್, ಯಾವ ಕೀ ಒತ್ತಬೇಕು, ಪಾಸ್‌ವರ್ಡ್ ಎಲ್ಲಿದೆ ಎಂದೆಲ್ಲ ಚೀಟಿ ಬರೆದು, ಈ ಸಲದ ಪರೀಕ್ಷೆ ಆಕೆಗೇ ಬಿಟ್ಟೆ. ಚೀಟಿ ಓದಿಕೊಂಡು, ನಡುವೆ ರೊಟ್ಟಿ ತಟ್ಟಿ, ಕಂಪ್ಯೂಟರನ್ನು ಎಬ್ಬಿಸಿಯೇ ಬಿಟ್ಟಳು. “ಇಷ್ಟಕ್ಕ ನಿಮಗ ಮೂರು ಡಬ್ಬಿ, ಒಬ್ಬಾಕಿ ತಂಗಿ, ಒಬ್ಬ ಭಾವ ಬೇಕಾತೇನು?” ಎಂದಳು. ಬೇಕಾಯಿತು. ಎಲ್ಲರಿಗಿಂತ ಹೆಚ್ಚಾಗಿ ಈಕೆಯೇ ಬೇಕಾದಳು ಎಂಬುದನ್ನು ಮಾತ್ರ ಚೀಟಿಯಲ್ಲಿ ಬರೆದಿಲ್ಲ.