ನೀಲಿ ಮುಚ್ಚಳದ ಯೂರಿಯಾ

ಕಾಫಿ ತೋಟದವರ ಮುಂದೆ ಯೂರಿಯಾ ಅಂದು ನೋಡಿ, ಕಣ್ಣು ಮೊದಲು ಮೋಡದ ಕಡೆ ಹೋಗುತ್ತದೆ. ಮಳೆ ಹೊಳವಾಯಿತೇ, ಗೊಬ್ಬರ ಹಾಕಬಹುದೇ, ಹಾಕಿದ್ದೆಲ್ಲ ತೊಳೆದು ಹಳ್ಳ ಸೇರೀತೇ! ಅದೇ ಯೂರಿಯಾ ಈಗ ಬಾಬಾಬುಡನ್‌ಗಿರಿ ಹತ್ತುವ ಬಸ್ಸುಗಳ ಹೊಟ್ಟೆಯನ್ನೂ ಸೇರಿದೆ. 2020ರ ಏಪ್ರಿಲ್‌ನಲ್ಲಿ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಬಂದ ಮೇಲೆ ದೊಡ್ಡ ಡೀಸೆಲ್ ಗಾಡಿಗಳಲ್ಲಿ ನೀಲಿ ಮುಚ್ಚಳದ ಚಿಕ್ಕದೊಂದು ಟ್ಯಾಂಕು ಮಾಮೂಲಾಗಿದೆ. ಒಳಗಿರುವುದು ನೂರಕ್ಕೆ 32.5 ಪಾಲು ಯೂರಿಯಾ, ಮಿಕ್ಕದ್ದು ಶುದ್ಧ ನೀರು.

'ಹಾಗಾದ್ರೆ ಗೋಡೌನಿನ ಮೂಟೆಯಿಂದಲೇ ನಾಲ್ಕು ಬೊಗಸೆ ಕದಡಿ ಸುರಿದರಾಯ್ತಲ್ಲ ಮಾರಾಯ್ರೆ' ಅನ್ನುವ ಬುದ್ಧಿವಂತರು ಪ್ರತಿ ಊರಲ್ಲೂ ಇರುತ್ತಾರೆ. ಮಾಡಬೇಡಿ. ಗೊಬ್ಬರದ ಯೂರಿಯಾಕ್ಕೆ 2015ರಿಂದ ಬೇವಿನೆಣ್ಣೆಯ ಲೇಪ ಕಡ್ಡಾಯ. ನೆಲದಲ್ಲಿ ಸಾರಜನಕ ನಿಧಾನವಾಗಿ ಬಿಡುಗಡೆಯಾಗಲಿ ಎಂದು ಹಚ್ಚಿದ ಆ ಎಣ್ಣೆ ಗಾಡಿಯ ಸಣ್ಣ ನಳಿಕೆಗೆ ಹಿತವಲ್ಲ.

ಗಾಡಿಗೆ ಬೇಕಾದ ಲೇಪವೇ ಬೇರೆ, ಅದು ಹೊಗೆಕೊಳವೆಯೊಳಗಿದೆ. ಅಲ್ಲಿ ಕಾರ್ಡಿಯರೈಟ್ ಎಂಬ ಸೆರಾಮಿಕ್ಕಿನ ದಿಮ್ಮಿಯೊಂದು ಕೂತಿರುತ್ತದೆ. ಅದರ ಉದ್ದಕ್ಕೂ ನೇರ ಕಿಂಡಿಗಳು, ಚದರ ಇಂಚಿಗೆ 400ರ ಸುಮಾರು. ಕಿಂಡಿಗಳ ಗೋಡೆಯೂ ರಂಧ್ರಮಯ. ಜಿಯೋಲೈಟ್ ಎಂಬ ಸೂಕ್ಷ್ಮ ಗೂಡುಗಳ ವಸ್ತುವಿಗೆ ತಾಮ್ರ ಸೇರಿಸಿದ ಪುಡಿಯನ್ನು ನೀರಲ್ಲಿ ಕಲಸಿ, ದಿಮ್ಮಿಯನ್ನು ಅದರಲ್ಲಿ ಅದ್ದಿ, ಹೆಚ್ಚಾದದ್ದನ್ನು ಗಾಳಿಯಿಂದ ಊದಿ ತೆಗೆದು, ಒಣಗಿಸಿ ಸುಡುತ್ತಾರೆ. ಲೇಪ ದಪ್ಪವಾದರೆ ಬಿರುಕು ಬಿಡುತ್ತದೆ, ತೆಳುವಾದರೆ ಕೆಲಸಕ್ಕೆ ಸಾಲದು. ಪುಡಿಯನ್ನೇ ಕೊಳವೆಗೆ ತುಂಬೋಣವೆಂದರೆ ಹೊಗೆಗೆ ದಾರಿಯೇ ಇಲ್ಲದೆ ಎಂಜಿನ್ನು ಉಸಿರುಗಟ್ಟುತ್ತದೆ. ಜಿಯೋಲೈಟ್‌ನ ಗುಣಗಾನವನ್ನು ಎಲ್ಲರೂ ಮಾಡುತ್ತಾರೆ. ನನಗೆ ಅದನ್ನು ಹೊತ್ತುಕೊಂಡ ಗೋಡೆಯ ಮೇಲೇ ಹೆಚ್ಚು ಗೌರವ.

ಆದರೂ ಜಿಯೋಲೈಟ್ ಸಾಮಾನ್ಯದ್ದಲ್ಲ. 1756ರಲ್ಲಿ ಸ್ವೀಡನ್ನಿನ ಖನಿಜತಜ್ಞ ಕ್ರೋನ್‌ಸ್ಟೆಟ್ ಈ ಜಾತಿಯ ಒಂದು ಖನಿಜವನ್ನು ಕಾಯಿಸಿದಾಗ ಕಲ್ಲೇ ಕುದಿಯುವಂತೆ ನೊರೆಯೆದ್ದಿತಂತೆ. ಒಳಗಿನ ಸೂಕ್ಷ್ಮ ಗೂಡುಗಳಲ್ಲಿ ಅಡಗಿದ್ದ ನೀರು ಹಬೆಯಾಗಿ ಹೊರಬಿದ್ದದ್ದು. ಆ ಗೂಡುಗಳೇ ಜರಡಿಯೂ ಹೌದು. ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಪ್ಲಾಂಟೇಶನ್ 'ಎ' ಕಾಫಿಯನ್ನು ಹಿಡಿದು ನಿಲ್ಲಿಸುವ ಜರಡಿಯ ಕಣ್ಣು 6.65 ಮಿ.ಮೀ. ಹೊಗೆಕೊಳವೆಯಲ್ಲಿ ಹೆಚ್ಚು ಬಳಕೆಯಾಗುವ ಎಸ್‌ಎಸ್‌ಝಡ್-13 ಜಿಯೋಲೈಟಿನ ಕಣ್ಣು ಅದರ ಒಂದೂಮುಕ್ಕಾಲು ಕೋಟಿಯ ಒಂದು ಪಾಲು! ಅಮೋನಿಯ ಒಳಹೊಗುತ್ತದೆ, ಡೀಸೆಲಿನ ಅರೆಬೆಂದ ದಪ್ಪ ಅಣುಗಳು ಹೊರಗೇ ಉಳಿಯುತ್ತವೆ. ಅಗಲ ಕಣ್ಣಿನ ಹಳೆಯ ಜಿಯೋಲೈಟುಗಳಿಗೆ ಆ ಅಣುಗಳು ನುಗ್ಗಿ ಕಟ್ಟಿಕೊಳ್ಳುತ್ತಿದ್ದವು, ಬಿಸಿ ಹಬೆಗೆ ಚೌಕಟ್ಟೂ ಕುಸಿಯುತ್ತಿತ್ತು. ಅಮೆರಿಕದ ಶೆವ್ರಾನ್ ಕಂಪನಿಯ ಸ್ಟೇಸಿ ಝೋನ್ಸ್ ಈ ಸಣ್ಣ ಕಣ್ಣಿನದಕ್ಕೆ ಪೇಟೆಂಟ್ ಪಡೆದದ್ದು 1985ರಲ್ಲಿ. ಲಾರಿಯ ಕೊಳವೆ ಸೇರಲು ಅದು ಕಾಲು ಶತಮಾನ ಕಾಯಬೇಕಾಯಿತು. ಕಾಫಿ ಗಿಡ ನೆಟ್ಟು ಮೂರ್ನಾಲ್ಕು ವರ್ಷ ಫಸಲಿಗೆ ಕಾಯುವ ನಾವು ಗೊಣಗುವುದು ಹೆಚ್ಚಾಯಿತು.

ಕೆಲಸ ಇಷ್ಟೇ: ಬಿಸಿ ಹೊಗೆಗೆ ಸಿಂಪಡಿಸಿದ ಯೂರಿಯಾ ಅಮೋನಿಯವಾಗುತ್ತದೆ, ಅದು ತಾಮ್ರದ ಸಮ್ಮುಖದಲ್ಲಿ ನೈಟ್ರೋಜನ್ ಆಕ್ಸೈಡುಗಳ ಜೊತೆ ಕೂಡಿ ಬರೀ ಸಾರಜನಕ ಮತ್ತು ನೀರಾಗಿ ಹೊರಬರುತ್ತದೆ. ತೋಟದಲ್ಲಿ ಯೂರಿಯಾ ಅಮೋನಿಯವಾಗಿ ಗಾಳಿಗೆ ಹಾರಿದರೆ ಸಾಹುಕಾರರಿಗೆ ನಷ್ಟ. ಇಲ್ಲಿ ಅದು ಅಮೋನಿಯವಾಗಲೇಬೇಕು.

ಇದಕ್ಕೆಲ್ಲ ಹೊಗೆ ಹೆಚ್ಚುಕಡಿಮೆ 200 ಡಿಗ್ರಿ ಕಾದಿರಬೇಕು. ಗಿರಿಯ ದಾರಿಯಲ್ಲಿ ಕೈಮರ ದಾಟಿ ಏರು ಹತ್ತುವಾಗ ಎಂಜಿನ್ನಿಗೆ ದುಡಿತ, ಕೊಳವೆಗೆ ಕಾವು, ಜಿಯೋಲೈಟಿಗೆ ಹಬ್ಬ. ಇಳಿಯುವಾಗ ಗೇರಿನಲ್ಲಿ ತಡೆದು ಬಂದರೆ ಎಂಜಿನ್ನು ತಣ್ಣನೆ ಗಾಳಿಯನ್ನಷ್ಟೇ ದೂಡುತ್ತದೆ, ದಿಮ್ಮಿ ಆರುತ್ತದೆ. ಸುಡಲು ಡೀಸೆಲೇ ಇಲ್ಲವಾದ್ದರಿಂದ ಆಗ ಕೇಡೂ ಕಡಿಮೆ. ತೊಂದರೆ ಇರುವುದು ವಾರದ ಕೊನೆಯಲ್ಲಿ, ಸೀತಾಳಯ್ಯನಗಿರಿ ತಿರುವಿನ ಟ್ರಾಫಿಕ್ ಜಾಮಿನಲ್ಲಿ. ಎಂಜಿನ್ನು ಸುಮ್ಮನೆ ಗುರುಗುಟ್ಟುತ್ತಿರುತ್ತದೆ, ಹೊಗೆ ಬರುತ್ತಿರುತ್ತದೆ, ಕಾವು ಮಾತ್ರ ಸಾಲದು. ಲಕ್ಷಗಟ್ಟಲೆ ಬೆಲೆಯ ಹೊಸ ಗಾಡಿ, ಆ ಹೊತ್ತಿಗೆ ಹಳೆಯ ಜೀಪಿನ ನೆಂಟನಂತೆಯೇ ನಿಂತಿರುತ್ತದೆ. ಗಿರಿಗೆ ಹತ್ತುವ ಗಾಡಿಗಳಿಗೆ ಜಿಲ್ಲಾಡಳಿತ ಮಿತಿ ಹಾಕಿದಾಗ ಪ್ರವಾಸಿಗರು ಮುನಿಸಿಕೊಂಡರೂ ನಾನಂತೂ ಜಿಲ್ಲಾಡಳಿತದ ಕಡೆಗೇ. ಸರತಿ ಸಾಗಿದರೆ ತಾನೇ ಕೊಳವೆ ಕಾಯುವುದು!